ಐರಿಷ್ ಪೂರ್ವಜರನ್ನು ಪತ್ತೆ ಹಚ್ಚುವುದು: ವಲಸೆ ಹೋದ ದೇಶದಿಂದ ಟೌನ್‌ಲ್ಯಾಂಡ್‌ವರೆಗೆ

ಐರಿಷ್ ಮೂಲ ಹುಡುಕುವವರಲ್ಲಿ ಹೆಚ್ಚಿನವರು ಸೋಲುವುದು ಆರಂಭದಲ್ಲೇ. ಅಜ್ಜಿ ಹೇಳಿದ್ದ ಒಂದು ಹೆಸರು ಹಿಡಿದು ನೇರವಾಗಿ ಐರ್ಲೆಂಡಿನ ದಾಖಲೆಗಳಿಗೆ ಕೈ ಹಾಕುತ್ತಾರೆ. ಅಲ್ಲಿ ಅದೇ ಹೆಸರಿನ ಇನ್ನೂರು ಜನ ಸಿಗುತ್ತಾರೆ, ಅವರಲ್ಲಿ ಒಬ್ಬರನ್ನು ತಮ್ಮವರೆಂದುಕೊಂಡು ವಂಶವೃಕ್ಷಕ್ಕೆ ಅಂಟಿಸುತ್ತಾರೆ. ಐರ್ಲೆಂಡಿನ ದಾಖಲೆಗಳೆಲ್ಲ ಊರಿನ ಹೆಸರಿನ ಮೇಲೆ ನಿಂತಿವೆ. ಬರೀ ಮನುಷ್ಯನ ಹೆಸರು ಕೊಟ್ಟರೆ ಅವು ಏನನ್ನೂ ಖಚಿತವಾಗಿ ಹೇಳುವುದಿಲ್ಲ. ಆದ್ದರಿಂದ ಊರಿನ ಹೆಸರನ್ನು ಮೊದಲು ಗಳಿಸಿಕೊಳ್ಳಬೇಕು. ಅದು ಸಿಗುವುದು ಐರ್ಲೆಂಡಿನಲ್ಲಲ್ಲ, ಅವರು ವಲಸೆ ಹೋಗಿ ನೆಲೆಸಿದ ದೇಶದಲ್ಲಿ.

ಯಾವ ಊರು ಎಂದರೆ ಏನು?

ಐರ್ಲೆಂಡಿನಲ್ಲಿ 32 ಕೌಂಟಿಗಳಿವೆ. ಕೌಂಟಿಯೊಳಗೆ ಬ್ಯಾರನಿ, ಅದರೊಳಗೆ ಸಿವಿಲ್ ಪ್ಯಾರಿಷ್ (ಸರ್ಕಾರಿ ಲೆಕ್ಕದ ವಿಭಾಗ), ಎಲ್ಲಕ್ಕಿಂತ ಕೆಳಗೆ ಟೌನ್‌ಲ್ಯಾಂಡ್. ಹೆಸರಿನಲ್ಲಿ ಟೌನ್ ಇದ್ದರೂ ಇದು ಪಟ್ಟಣವಲ್ಲ. ಕೆಲವು ಮನೆಗಳು, ಸುತ್ತಲಿನ ಹೊಲ, ಹುಲ್ಲುಗಾವಲು ಸೇರಿದ ಗಡಿ ಗೊತ್ತುಮಾಡಿದ ಭೂಭಾಗ. ಇಂಥವು ದ್ವೀಪದಲ್ಲಿ 60,000ಕ್ಕೂ ಹೆಚ್ಚಿವೆ. ನೀವು ತಲುಪಬೇಕಾದದ್ದು ಇಲ್ಲಿಗೆ.

ಇದರ ಜೊತೆಗೆ ಇನ್ನೂ ಎರಡು ವಿಂಗಡಣೆಗಳು ಅಡ್ಡ ಬರುತ್ತವೆ. ಕ್ಯಾಥೊಲಿಕ್ ಪ್ಯಾರಿಷ್‌ನ, ಅಂದರೆ ಒಂದು ಚರ್ಚಿನ ವ್ಯಾಪ್ತಿಯ, ಗಡಿ ಸಿವಿಲ್ ಪ್ಯಾರಿಷ್‌ನ ಗಡಿಗೆ ಹೊಂದುವುದಿಲ್ಲ, ಹೆಸರೂ ಹಲವು ಕಡೆ ಬೇರೆ. ಜನನ–ಮರಣ ನೋಂದಣಿಯ ಜಿಲ್ಲೆಗಳಂತೂ ಬಡವರ ಪರಿಹಾರಕ್ಕೆಂದು ಮಾಡಿದ ಪುಅರ್ ಲಾ ಯೂನಿಯನ್‌ಗಳ ಗಡಿಯನ್ನೇ ಅನುಸರಿಸುತ್ತವೆ. ಯೂನಿಯನ್‌ಗೆ ಅದರ ಮುಖ್ಯ ಪೇಟೆಯ ಹೆಸರು, ವ್ಯಾಪ್ತಿ ಮಾತ್ರ ಕೌಂಟಿಯ ಗಡಿಯನ್ನೂ ದಾಟಬಹುದು. ಬಾಲಿನಸ್ಲೋ ಯೂನಿಯನ್ ಗಾಲ್ವೇ ಕೌಂಟಿಗೂ ರಾಸ್‌ಕಾಮನ್ ಕೌಂಟಿಗೂ ಹರಡಿದೆ. ಸೂಚಿಯಲ್ಲಿ ‘ಸ್ಕಿಬ್ಬರೀನ್’ ಎಂದು ಕಂಡರೆ ಆ ಪೇಟೆಯಲ್ಲೇ ಹುಟ್ಟಿದರು ಎಂದಾಗುವುದಿಲ್ಲ, ಸುತ್ತಲಿನ ಯಾವುದೋ ಟೌನ್‌ಲ್ಯಾಂಡ್ ಆಗಿರಬಹುದು.

ಮನೆಮಾತಿನಲ್ಲಿ ಉಳಿದ ಊರಿನ ಹೆಸರನ್ನೂ ಹಾಗೇ ನಂಬಬೇಡಿ. ‘ನಮ್ಮವರು ಕಾರ್ಕ್‌ನವರು’ ಎಂಬ ಮಾತಿನ ಹಿಂದೆ ಕ್ವೀನ್ಸ್‌ಟೌನ್ ಬಂದರಿನಿಂದ ಹಡಗು ಹತ್ತಿದ್ದಷ್ಟೇ ಇರುವುದು ಬಹಳ ಸಲ. 1849ರಲ್ಲಿ ವಿಕ್ಟೋರಿಯಾ ರಾಣಿಯ ಭೇಟಿಯಿಂದಾಗಿ ಆ ಹೆಸರು ಪಡೆದ ಕಾರ್ಕ್ ಕೌಂಟಿಯ ಈ ಬಂದರಿಗೆ ಈಗ ಕೋವ್ ಎನ್ನುತ್ತಾರೆ. ಮುನ್‌ಸ್ಟರ್, ಕನಾಟ್ ಪ್ರಾಂತ್ಯಗಳ ಎಲ್ಲ ಮೂಲೆಯ ಜನರೂ ಅಲ್ಲಿಂದ ಹೊರಟಿದ್ದಾರೆ.

ಹಂತ 1: ವಲಸೆ ಹೋದ ದೇಶದ ದಾಖಲೆಯನ್ನು ಪೂರ್ತಿ ಹಿಂಡಿಕೊಳ್ಳಿ

ಒಂದು ಹಾಳೆಯಲ್ಲಿ ವಲಸೆ ಬಂದ ವ್ಯಕ್ತಿಯ ಹೆಸರು, ಅಂದಾಜು ಜನ್ಮವರ್ಷ, ತಂದೆ–ತಾಯಿ, ಒಡಹುಟ್ಟಿದವರು, ಧರ್ಮ, ಮೊದಲ ಮಗು ಹುಟ್ಟಿದ ವರ್ಷ ಮತ್ತು ಸ್ಥಳ, ಇಷ್ಟನ್ನು ಬರೆದುಕೊಳ್ಳಿ. ಇದರಲ್ಲಿ ತಾಯಿಯ ತವರಿನ ಮನೆತನದ ಹೆಸರು ಎಲ್ಲಕ್ಕಿಂತ ಬೆಲೆಬಾಳುತ್ತದೆ. ‘ಜಾನ್ ಮರ್ಫಿ’ ಸಾವಿರ ಜನ ಇರುತ್ತಾರೆ. ‘ಜಾನ್ ಮರ್ಫಿ, ತಾಯಿ ಹೊನೋರಾ ಡ್ರಿಸ್ಕಾಲ್’ ಎಂದರೆ ಕೆಲವೇ ಜನ ಉಳಿಯುತ್ತಾರೆ.

ಅಮೆರಿಕದಲ್ಲಿ ಪೌರತ್ವದ ಕಾಗದಗಳು 1906ರ ಸೆಪ್ಟೆಂಬರ್‌ಗೆ ಮುಂಚಿನವಾದರೆ ‘ಐರ್ಲೆಂಡ್’ ಎಂದಷ್ಟೇ ಇರುತ್ತದೆ. ಕಾನೂನು ಬದಲಾದ ಮೇಲಿನವುಗಳಲ್ಲಿ ಹುಟ್ಟಿದ ಊರು, ದಿನಾಂಕ, ಬಂದ ಹಡಗು ಎಲ್ಲ ಸಿಗುತ್ತವೆ. ಹಡಗಿನ ಪಟ್ಟಿಗಳೂ ಹೀಗೇ. ಐರ್ಲೆಂಡಿನ ಮಹಾ ಬರಗಾಲದ (1845–52) ಕಾಲದ ಪಟ್ಟಿಯಲ್ಲಿ ಹೆಸರು, ವಯಸ್ಸು, ‘ಕೂಲಿ’ ಎಂಬ ಪದ ಬಿಟ್ಟರೆ ಹೆಚ್ಚೇನೂ ಇಲ್ಲ. 1907ರಿಂದ ಊರಿನಲ್ಲಿ ಉಳಿದ ಹತ್ತಿರದ ಬಂಧುವಿನ ಹೆಸರು, ವಿಳಾಸವನ್ನೂ ಕೇಳಿ ಬರೆದಿದ್ದಾರೆ. ಹಾಗಾಗಿ ನಿಮ್ಮ ಮುತ್ತಜ್ಜ 1850ರಲ್ಲೇ ಬಂದಿದ್ದರೂ, ಅವರ ಮನೆಗೆ 1908ರಲ್ಲಿ ಬಂದಿಳಿದ ಸೋದರಳಿಯನ ದಾಖಲೆಯಲ್ಲಿ ಊರಿನ ಹೆಸರು ಸಿಕ್ಕೀತು. ಐರಿಷರ ವಲಸೆ ಸರಪಳಿಯಂಥದ್ದು: ಮೊದಲು ಹೋದವರು ದುಡಿದು ಟಿಕೆಟ್ ಕಳಿಸುತ್ತಿದ್ದರು, ಹಿಂದಿನವರು ಅದೇ ಬೀದಿಗೆ ಬಂದು ಇಳಿಯುತ್ತಿದ್ದರು. ಅದಕ್ಕೇ ಒಬ್ಬರನ್ನಷ್ಟೇ ಹುಡುಕದೆ ಒಡಹುಟ್ಟಿದವರು, ಮದುವೆಯ ಸಾಕ್ಷಿಗಳು, ಮಕ್ಕಳ ಗಾಡ್‌ಪೇರೆಂಟ್‌ಗಳು (ಬ್ಯಾಪ್ಟಿಸಂನಲ್ಲಿ ಮಗುವಿಗೆ ಹೊಣೆ ನಿಲ್ಲುವವರು), ಪಕ್ಕದ ಮನೆಯವರನ್ನೂ ಹುಡುಕಬೇಕು.

ಬಾಸ್ಟನ್‌ನ ‘ಪೈಲಟ್’ ಪತ್ರಿಕೆ 1831ರಿಂದ 1921ರವರೆಗೆ, ಕಾಣೆಯಾದ ಬಂಧುಗಳನ್ನು ಹುಡುಕುವ ಜಾಹೀರಾತುಗಳನ್ನು ಪ್ರಕಟಿಸಿತು. ಅವುಗಳಲ್ಲಿ ಕೌಂಟಿ, ಪ್ಯಾರಿಷ್, ಎಷ್ಟೋ ಕಡೆ ಟೌನ್‌ಲ್ಯಾಂಡ್ ಕೂಡ ಇದೆ. ಬಾಸ್ಟನ್ ಕಾಲೇಜು ಅವನ್ನು ಉಚಿತವಾಗಿ ಆನ್‌ಲೈನ್‌ನಲ್ಲಿ ಹುಡುಕುವಂತೆ ಮಾಡಿದೆ. ನ್ಯೂಯಾರ್ಕಿನವರಾದರೆ ಎಮಿಗ್ರಂಟ್ ಸೇವಿಂಗ್ಸ್ ಬ್ಯಾಂಕಿನ ಪರೀಕ್ಷಾ ಪುಸ್ತಕಗಳನ್ನು ಬಿಡಬೇಡಿ. ಖಾತೆದಾರರ ಗುರುತು ಪರೀಕ್ಷಿಸಲೆಂದು ಊರು, ತಂದೆ–ತಾಯಿ, ಬಂದ ಹಡಗು ಇವನ್ನೆಲ್ಲ ಗುಮಾಸ್ತರು ಬರೆದಿಟ್ಟಿದ್ದಾರೆ.

ಆಸ್ಟ್ರೇಲಿಯಾಕ್ಕೆ ಹೋದವರ ವಂಶಜರಿಗೆ ಕೆಲಸ ಸುಲಭ. ವಿಕ್ಟೋರಿಯಾದಲ್ಲಿ 1853ರಿಂದ, ನ್ಯೂ ಸೌತ್ ವೇಲ್ಸ್‌ನಲ್ಲಿ 1856ರಿಂದ ಆರಂಭವಾದ ಮರಣ ಪತ್ರಗಳಲ್ಲಿ ತಂದೆ–ತಾಯಿಯ ಹೆಸರು, ಹುಟ್ಟಿದ ಜಾಗ, ಕಾಲೊನಿಯಲ್ಲಿ ಎಷ್ಟು ವರ್ಷ ಕಳೆದರು ಎಂಬುದು, ಮಕ್ಕಳ ಹೆಸರು ಇವೆ. ಶಿಕ್ಷೆಯಾಗಿ ಗಡೀಪಾರಾದವರಿಗೆ (ಐರ್ಲೆಂಡಿನಿಂದ ನೇರವಾಗಿ 1791ರಿಂದ 1853ರವರೆಗೆ) ಪ್ರತ್ಯೇಕ ಕಡತಗಳಿವೆ. ಕೆನಡಾದವರಿಗೆ ಕಷ್ಟ: 1865ಕ್ಕಿಂತ ಮುಂಚಿನ ಪ್ರಯಾಣಿಕರ ಪಟ್ಟಿಗಳು ಹೆಚ್ಚಾಗಿ ಉಳಿದಿಲ್ಲ, ಚರ್ಚಿನ ಮದುವೆ ದಾಖಲೆ ಮತ್ತು ಸಮಾಧಿ ಕಲ್ಲುಗಳನ್ನು ನೆಚ್ಚಿಕೊಳ್ಳಬೇಕು. ಬ್ರಿಟನ್ನಿನ ಜನಗಣತಿಯಲ್ಲಿ ಬಹುತೇಕ ‘ಐರ್ಲೆಂಡ್’ ಎಂಬ ಒಂದೇ ಪದ. ಆದರೆ ಪೂರ್ವಜರು ಸೈನ್ಯದಲ್ಲಿದ್ದು ಪಿಂಚಣಿ ಪಡೆದಿದ್ದರೆ ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನ ಡಬ್ಲ್ಯುಒ 97 ಸರಣಿಯಲ್ಲಿ ‘ಇಂಥ ಪ್ಯಾರಿಷ್, ಇಂಥ ಪೇಟೆಯ ಹತ್ತಿರ, ಇಂಥ ಕೌಂಟಿ’ ಎಂದು ಹುಟ್ಟೂರು ಸಿಗುತ್ತದೆ.

ಬೆಂಗಳೂರು, ಕೆಜಿಎಫ್ ಮನೆತನಗಳಿಗೆ

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಐರೋಪ್ಯ ಸೈನಿಕರಲ್ಲಿ ಐರಿಷರ ಪಾಲು ಬಹಳ ದೊಡ್ಡದಿತ್ತು. ಬೆಂಗಳೂರಿನ ಕಂಟೋನ್ಮೆಂಟ್, ಕೋಲಾರದ ಗಣಿ, ರೈಲ್ವೆ ಕಾಲೊನಿಗಳ ಆಂಗ್ಲೋ–ಇಂಡಿಯನ್ ಮನೆಗಳಲ್ಲಿ ಐರಿಷ್ ಮನೆತನದ ಹೆಸರು ಕಂಡರೆ ಹೆಚ್ಚಾಗಿ ಈ ದಾರಿಯಲ್ಲೇ ಬಂದದ್ದು. ಇಲ್ಲಿನ ಹುಡುಕಾಟ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಿಂದ ಶುರುವಾಗಬೇಕು. ಬ್ಯಾಪ್ಟಿಸಂ, ಮದುವೆ, ಸಮಾಧಿ ವಿವರಗಳ ಪ್ರತಿಗಳು ‘ಎನ್’ ಸರಣಿಯಲ್ಲಿವೆ: ಎನ್/1 ಬಂಗಾಳ, ಎನ್/2 ಮದ್ರಾಸ್, ಎನ್/3 ಬಾಂಬೆ. ಬೆಂಗಳೂರಿನವು ಮದ್ರಾಸಿನಡಿ ಬರುತ್ತವೆ, ಮೈಸೂರು ಎಂದು ಹುಡುಕಿದರೆ ಸಿಗುವುದಿಲ್ಲ. ಕಂಪನಿಯ ಸೈನಿಕನಾದರೆ ಎಲ್/ಮಿಲ್/11ರ ಮದ್ರಾಸ್ ಹಾಜರಿ ಪಟ್ಟಿಯಲ್ಲಿ ಅವನನ್ನು ಗುರುತಿಸಿ, ಬಂದ ಹಡಗು ಮತ್ತು ವರ್ಷ ತಿಳಿದುಕೊಂಡು, ಎಲ್/ಮಿಲ್/9ರ ಹಡಗು ಹತ್ತಿದವರ ಪಟ್ಟಿಗೆ ಹೋಗಿ. ಕಂಪನಿಯದಲ್ಲದ, ಬ್ರಿಟಿಷ್ ರಾಜ ಅಥವಾ ರಾಣಿಯ ರೆಜಿಮೆಂಟಿನವನಾದರೆ ಈ ಪಟ್ಟಿಗಳಲ್ಲಿ ಇರುವುದಿಲ್ಲ, ಮೇಲೆ ಹೇಳಿದ ಡಬ್ಲ್ಯುಒ 97ಕ್ಕೆ ಹೋಗಬೇಕು. ಈ ಎರಡನ್ನೂ ಬೆರೆಸಿಕೊಂಡು ವರ್ಷಗಟ್ಟಲೆ ತಪ್ಪು ಕಡತ ತಿರುವಿಹಾಕುವವರು ಬಹಳ. ಬ್ರಿಟಿಷ್ ಭಾರತದ ಕುಟುಂಬಗಳ ಸಂಘ ‘ಫಿಬಿಸ್’ ನಡೆಸುವ ಉಚಿತ ಸೂಚಿಯನ್ನು ಮೊದಲೇ ನೋಡಿಕೊಂಡರೆ ಸಮಯ ಉಳಿಯುತ್ತದೆ. ಕ್ಯಾಥೊಲಿಕ್ ಸೈನಿಕರ ದಾಖಲೆ ‘ಎನ್’ ಸರಣಿಯಲ್ಲಿ ಎಲ್ಲವೂ ಇಲ್ಲ, ಸ್ಥಳೀಯ ಚರ್ಚಿನ ಮೂಲ ರಿಜಿಸ್ಟರನ್ನು ಕೇಳಿಯೇ ನೋಡಬೇಕು.

ಹಂತ 2: ಏನು ಸುಟ್ಟಿದೆ, ಏನು ಉಳಿದಿದೆ

1922ರ ಜೂನ್ 30ರಂದು, ಐರಿಷ್ ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ಪಬ್ಲಿಕ್ ರೆಕಾರ್ಡ್ ಆಫೀಸ್ ಸ್ಫೋಟಕ್ಕೆ, ಬೆಂಕಿಗೆ ಆಹುತಿಯಾಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳಲ್ಲಿ ಚೂರುಪಾರು ಬಿಟ್ಟು ಉಳಿದದ್ದೆಲ್ಲ, ಮೂಲ ಉಯಿಲುಗಳು, ಆಂಗ್ಲಿಕನ್ ಪಂಥದ ಚರ್ಚ್ ಆಫ್ ಐರ್ಲೆಂಡ್‌ನ ಅರ್ಧಕ್ಕೂ ಹೆಚ್ಚು ರಿಜಿಸ್ಟರುಗಳು ಹೋದವು. 1861ರಿಂದ 1891ರವರೆಗಿನ ಗಣತಿಗಳನ್ನಂತೂ ಅದಕ್ಕೂ ಮುಂಚೆ ಸರ್ಕಾರವೇ ನಾಶ ಮಾಡಿತ್ತು. ಇಷ್ಟು ಕೇಳಿ ಕೈಚೆಲ್ಲುವವರಿದ್ದಾರೆ, ಆದರೆ ಸಾಮಾನ್ಯ ಜನರಿಗೆ ಬೇಕಾದ ಮುಖ್ಯ ದಾಖಲೆಗಳು ಆ ಕಟ್ಟಡದಲ್ಲಿ ಇರಲೇ ಇಲ್ಲ. ಕ್ಯಾಥೊಲಿಕ್ ರಿಜಿಸ್ಟರುಗಳು ಪ್ಯಾರಿಷ್‌ಗಳಲ್ಲೇ ಇದ್ದವು; ಜನನ–ಮರಣ ನೋಂದಣಿ ಬೇರೆ ಕಚೇರಿಯಲ್ಲಿತ್ತು; ಭೂಮೌಲ್ಯದ ಪಟ್ಟಿ ಅಚ್ಚಾಗಿತ್ತು. 1901, 1911ರ ಗಣತಿಗಳೂ ಪೂರ್ತಿ ಉಳಿದಿವೆ.

ಚರ್ಚ್ ಆಫ್ ಐರ್ಲೆಂಡ್‌ನವರೂ ಆಸೆ ಬಿಡಬೇಕಿಲ್ಲ. ಬರಾಕ್ ಒಬಾಮಾ ಅವರ ತಾಯಿಯ ಕಡೆಯ ಪೂರ್ವಜ ಫಾಲ್ಮತ್ ಕಿಯರ್ನಿ 1850ರಲ್ಲಿ ಅಮೆರಿಕಕ್ಕೆ ಹೋದ ಚಮ್ಮಾರರ ಮನೆಯ ಯುವಕ. ಆಫಲಿ ಕೌಂಟಿಯ ಮನಿಗಾಲ್‌ನೊಂದಿಗೆ ಆ ಮನೆತನದ ನಂಟು ಸಾಬೀತಾದದ್ದು ಡಬ್ಲಿನ್ನಿಗೆ ಹೋಗದೆ ಸ್ಥಳೀಯವಾಗಿ ಉಳಿದ ಟೆಂಪಲ್‌ಹ್ಯಾರಿ ಪ್ಯಾರಿಷ್‌ನ ರಿಜಿಸ್ಟರಿನಿಂದ.

ಹಂತ 3: ಗಣತಿಯಿಂದ ನೋಂದಣಿಗೆ

ಐರ್ಲೆಂಡಿನ ನ್ಯಾಷನಲ್ ಆರ್ಕೈವ್ಸ್‌ನ ಜಾಲತಾಣದಲ್ಲಿ 1901 ಮತ್ತು 1911ರ ಗಣತಿ ಉಚಿತ. ನಿಮ್ಮವರು ಅದಕ್ಕೂ ಮೊದಲೇ ಹೋಗಿದ್ದರೆ ಊರಲ್ಲಿ ಉಳಿದ ಅಣ್ಣ–ತಮ್ಮಂದಿರನ್ನು ಹುಡುಕಿ. 1911ರ ಫಾರಂನಲ್ಲಿ ವಿವಾಹಿತ ಹೆಂಗಸರ ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂದಿದೆ. ಒಂಬತ್ತು ಮಕ್ಕಳು ಬದುಕಿದ್ದೂ ಮನೆಯಲ್ಲಿ ಇಬ್ಬರೇ ಇದ್ದರೆ ಉಳಿದವರಲ್ಲಿ ಕೆಲವರು ಎಲ್ಲಿ ಹೋದರೆಂದು ಊಹಿಸುವುದು ಕಷ್ಟವಲ್ಲ. ಹುಟ್ಟಿದ ಜಾಗದ ಕಾಲಂನಲ್ಲಿ ಮಾತ್ರ ಸಾಮಾನ್ಯವಾಗಿ ಕೌಂಟಿಯ ಹೆಸರಷ್ಟೇ ಇರುತ್ತದೆ. 1926ರ ಗಣತಿ ನೂರು ವರ್ಷದ ನಿಯಮದಂತೆ 2026ರ ಏಪ್ರಿಲ್‌ನಲ್ಲಿ ತೆರೆಯುವಂಥದ್ದು. ಅದರಲ್ಲಿ ಬ್ರಿಟಿಷ್ ಆಳ್ವಿಕೆಯಲ್ಲೇ ಉಳಿದ ಉತ್ತರ ಐರ್ಲೆಂಡಿನ ಆರು ಕೌಂಟಿಗಳು ಸೇರಿಲ್ಲ.

ವಯಸ್ಸನ್ನು ನಂಬಬೇಡಿ. 1909ರ ಜನವರಿಯಿಂದ 70 ತುಂಬಿದವರಿಗೆ ವೃದ್ಧಾಪ್ಯ ಪಿಂಚಣಿ ಸಿಗತೊಡಗಿತು. ಹಾಗಾಗಿ 1901ರಲ್ಲಿ 56 ಎಂದಿದ್ದವರು 1911ರಲ್ಲಿ 71 ಆಗಿರುವುದು ಮಾಮೂಲು. ಇದೇ ಪಿಂಚಣಿಯಿಂದ ನಮಗೆ ಒಂದು ಲಾಭವೂ ಆಗಿದೆ. ವಯಸ್ಸು ಸಾಬೀತು ಮಾಡಲು ಅರ್ಜಿದಾರರು 1841, 1851ರ ಗಣತಿಯಲ್ಲಿ ತಮ್ಮ ಮನೆಯನ್ನು ಹುಡುಕಿಸುತ್ತಿದ್ದರು, ಆಗಿನ್ನೂ ಆ ಪುಸ್ತಕಗಳು ಸುಟ್ಟಿರಲಿಲ್ಲ. ಆ ಶೋಧನಾ ಫಾರಂಗಳಲ್ಲಿ ತಂದೆ, ತವರಿನ ಹೆಸರಿನೊಂದಿಗೆ ತಾಯಿ, ಟೌನ್‌ಲ್ಯಾಂಡ್ ಎಲ್ಲ ಉಳಿದುಬಂದಿವೆ. ಇವೂ ಅದೇ ತಾಣದಲ್ಲಿ ಉಚಿತ.

ಕ್ಯಾಥೊಲಿಕರೂ ಸೇರಿ ಎಲ್ಲರ ಜನನ, ಮದುವೆ, ಮರಣ ನೋಂದಣಿ ಆರಂಭವಾದದ್ದು 1864ರಲ್ಲಿ. ಕ್ಯಾಥೊಲಿಕರಲ್ಲದವರ ಮದುವೆ 1845ರಿಂದಲೇ ದಾಖಲಾಗುತ್ತಿತ್ತು. ಸರ್ಕಾರದ ‘ಐರಿಷ್‌ಜೀನಿಯಾಲಜಿ ಡಾಟ್ ಐಇ’ ತಾಣದಲ್ಲಿ 100 ವರ್ಷ ದಾಟಿದ ಜನನ, 75 ದಾಟಿದ ಮದುವೆ, 50 ದಾಟಿದ ಮರಣಗಳ ಮೂಲ ಪುಟದ ಚಿತ್ರ ಉಚಿತವಾಗಿ ಸಿಗುತ್ತದೆ. ಯಾವ ಪತ್ರದಲ್ಲಿ ಏನಿರುತ್ತದೆ ಎಂಬುದು ಮೊದಲೇ ಗೊತ್ತಿರಲಿ:

- ಜನನ: ಸ್ಥಳ, ತಂದೆ, ತವರಿನ ಹೆಸರಿನೊಂದಿಗೆ ತಾಯಿ, ತಂದೆಯ ಉದ್ಯೋಗ, ಮಾಹಿತಿ ಕೊಟ್ಟವರು.
- ಮದುವೆ: ಇಬ್ಬರ ವಿಳಾಸ, ಇಬ್ಬರ ತಂದೆಯರ ಹೆಸರು ಮತ್ತು ಉದ್ಯೋಗ. ತಾಯಂದಿರ ಹೆಸರಿಲ್ಲ. ವಯಸ್ಸಿನ ಜಾಗದಲ್ಲಿ ‘ಪೂರ್ಣ ವಯಸ್ಕ’ ಎಂದಿದ್ದರೆ 21 ತುಂಬಿದೆ ಎಂದಷ್ಟೇ ಅರ್ಥ.
- ಮರಣ: ತಂದೆ–ತಾಯಿಯ ಹೆಸರೇ ಇಲ್ಲ. ಮಾಹಿತಿ ಕೊಟ್ಟವರ ಹೆಸರೊಂದೇ ಸುಳಿವು.

ಅದಕ್ಕೇ ಮದುವೆಯಿಂದ ಜನನಕ್ಕೆ, ಜನನದಿಂದ ತಂದೆ–ತಾಯಿಯ ಮದುವೆಗೆ ಹಿಂದೆ ಸರಿಯುತ್ತ ಹೋಗುವುದು ಸರಿಯಾದ ಕ್ರಮ. ಆರಂಭದ ವರ್ಷಗಳಲ್ಲಿ ನೋಂದಣಿ ತಪ್ಪಿಸಿಕೊಂಡವರು ಸಾಕಷ್ಟಿದ್ದಾರೆ. ಗಡುವು ಮೀರಿದರೆ ದಂಡವಿದ್ದುದರಿಂದ ದಿನಾಂಕವನ್ನು ಮುಂದಕ್ಕೆ ಸರಿಸಿ ಬರೆಸಿದವರೂ ಇದ್ದಾರೆ. ಬ್ಯಾಪ್ಟಿಸಂ ಆದ ದಿನ ಹುಟ್ಟಿದ ದಿನಕ್ಕಿಂತ ಮೊದಲಿದ್ದರೆ ಚರ್ಚಿನ ದಿನಾಂಕವನ್ನೇ ನಂಬಿ.

ಹುಡುಕುವಾಗ ಮನೆತನದ ಹೆಸರನ್ನು ಸಡಿಲವಾಗಿ ಇಟ್ಟುಕೊಳ್ಳಿ. ಹೆಸರಿನ ಮುಂದೆ ಬರುವ ಓ ಮತ್ತು ಮ್ಯಾಕ್ ಒಂದೇ ಮನೆಯಲ್ಲಿ ಒಂದು ಮಗುವಿಗೆ ಬಂದು ಇನ್ನೊಂದಕ್ಕೆ ಬಿಟ್ಟುಹೋಗುತ್ತವೆ: ಸಲಿವನ್, ಓಸಲಿವನ್ ಎರಡನ್ನೂ ನೋಡಿ. ಮಗವನ್ ಮನೆಯವರು ಸ್ಮಿತ್ ಆಗಿರಬಹುದು, ಕ್ಲಿಯರಿ ಮನೆಯವರು ಕ್ಲಾರ್ಕ್. ಹೆಂಗಸರ ಹೆಸರೂ ಬದಲಾಗುತ್ತದೆ. ಊರಿನಲ್ಲಿ ಬ್ರಿಜೆಟ್ ಆಗಿದ್ದವಳು ಅಮೆರಿಕದಲ್ಲಿ ಡೆಲಿಯಾ ಅಥವಾ ಬರ್ಥಾ. ಹೊನೋರಾ ಎಂದರೆ ನೋರಾ, ಹನ್ನಾ.

ಹಂತ 4: ಪ್ಯಾರಿಷ್ ರಿಜಿಸ್ಟರ್

1864ಕ್ಕಿಂತ ಹಿಂದೆ ಹೋಗಲು ಕ್ಯಾಥೊಲಿಕ್ ಮನೆತನಗಳಿಗೆ ಇರುವ ಮುಖ್ಯ ದಾರಿ ಇದು. ನ್ಯಾಷನಲ್ ಲೈಬ್ರರಿ ಆಫ್ ಐರ್ಲೆಂಡ್ ಸುಮಾರು 1880ರವರೆಗಿನ ಪುಟಗಳ ಮೈಕ್ರೋಫಿಲ್ಮ್ ಚಿತ್ರಗಳನ್ನು 2015ರಲ್ಲಿ ಉಚಿತವಾಗಿ ತೆರೆದಿಟ್ಟಿತು. ಆ ತಾಣದಲ್ಲಿ ಹೆಸರಿನಿಂದ ಹುಡುಕಲಾಗದು. ನಕ್ಷೆಯಲ್ಲಿ ಪ್ಯಾರಿಷ್ ಆಯ್ದು, ತಿಂಗಳು ಆಯ್ದು, ಪುಟ ಪುಟವಾಗಿ ಓದಬೇಕು. ಸೂಚಿ ಬೇಕಿದ್ದರೆ ಫೈಂಡ್‌ಮೈಪಾಸ್ಟ್ ಅಥವಾ ಆನ್ಸೆಸ್ಟ್ರಿ ತಾಣಗಳಲ್ಲಿ ಹುಡುಕಿ, ದಿನಾಂಕ ಸಿಕ್ಕ ಮೇಲೆ ಮೂಲ ಪುಟಕ್ಕೆ ಬನ್ನಿ. ಸೂಚಿ ಮಾಡಿದವರು ಕೈಬರಹ ತಪ್ಪಾಗಿ ಓದಿರುವುದು ಮತ್ತೆ ಮತ್ತೆ ಕಾಣುತ್ತದೆ, ಮೂಲ ನೋಡದೆ ಏನನ್ನೂ ಬರೆದುಕೊಳ್ಳಬೇಡಿ.

ಪಟ್ಟಣಗಳ ರಿಜಿಸ್ಟರುಗಳು ಹದಿನೆಂಟನೇ ಶತಮಾನಕ್ಕೆ ಹೋಗುತ್ತವೆ; ಪಶ್ಚಿಮದ ಬಡ ಪ್ಯಾರಿಷ್‌ಗಳಲ್ಲಿ 1820–50ರ ನಡುವೆ ಆರಂಭವಾದವೇ ಹೆಚ್ಚು. ಬ್ಯಾಪ್ಟಿಸಂ ನಮೂದಿನಲ್ಲಿ ಮಗು, ತಂದೆ, ತವರಿನ ಹೆಸರಿನ ತಾಯಿ, ಇಬ್ಬರು ಗಾಡ್‌ಪೇರೆಂಟ್‌ಗಳು, ಅದೃಷ್ಟವಿದ್ದರೆ ಟೌನ್‌ಲ್ಯಾಂಡ್. ಭಾಷೆ ಲ್ಯಾಟಿನ್ ಆಗಿದ್ದರೆ ಯಾಕೋಬುಸ್ ಎಂದರೆ ಜೇಮ್ಸ್, ಗುಲಿಯೆಲ್ಮುಸ್ ಎಂದರೆ ವಿಲಿಯಂ, ಯೊಹಾನ್ನೆಸ್ ಎಂದರೆ ಜಾನ್. ಮದುವೆಯ ನಮೂದಿನ ಪಕ್ಕದಲ್ಲಿ ‘ಕಾನ್ಸಾಂಗ್ವಿನಿಟಾಸ್’ (ರಕ್ತಸಂಬಂಧ) ಎಂದು, ಜೊತೆಗೆ ಮೂರನೆಯ ದರ್ಜೆ ಎಂದಿದ್ದರೆ ಹುಡುಗ–ಹುಡುಗಿಯ ಅಜ್ಜ ಅಜ್ಜಿಯರಲ್ಲಿ ಇಬ್ಬರು ಒಡಹುಟ್ಟಿದವರು. ಬಿಷಪ್ಪರ ವಿಶೇಷ ಅನುಮತಿಯಿಂದ ಆದ ಮದುವೆ. ಅಷ್ಟೊಂದು ಚಿಕ್ಕ ಟಿಪ್ಪಣಿ ಎರಡು ತಲೆಮಾರು ಹಿಂದಕ್ಕೆ ಬಾಗಿಲು ತೆರೆಯುತ್ತದೆ.

ಮಕ್ಕಳ ಹೆಸರಿನ ಸರದಿಯನ್ನೂ ಗಮನಿಸಿ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು. ಮೊದಲ ಮಗಳಿಗೆ ತಾಯಿಯ ತಾಯಿಯದು, ಎರಡನೆಯವಳಿಗೆ ತಂದೆಯ ತಾಯಿಯದು. ಎಲ್ಲರೂ ಪಾಲಿಸಿದ್ದಲ್ಲ, ಆದ್ದರಿಂದ ಇದು ಸುಳಿವು ಮಾತ್ರ, ಪುರಾವೆಯಲ್ಲ.

ಹಂತ 5: ಗ್ರಿಫಿತ್ಸ್ ವ್ಯಾಲ್ಯುಯೇಶನ್

1847ರಿಂದ 1864ರವರೆಗೆ ಕೌಂಟಿ ಕೌಂಟಿಯಾಗಿ ಪ್ರಕಟವಾದ ಈ ತೆರಿಗೆ ಪಟ್ಟಿ, ಕಳೆದುಹೋದ ಗಣತಿಗಳ ಜಾಗದಲ್ಲಿ ನಿಲ್ಲುತ್ತದೆ. ನಮ್ಮ ಪಹಣಿ ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ: ನಕ್ಷೆಯ ಸಂಖ್ಯೆ, ಅನುಭವದಲ್ಲಿರುವವರ ಹೆಸರು, ಗೇಣಿಗೆ ಕೊಟ್ಟವರ ಹೆಸರು, ಆಸ್ತಿಯ ವಿವರ, ವಿಸ್ತೀರ್ಣ, ಮೌಲ್ಯ. ವಿಸ್ತೀರ್ಣ ಎಕರೆ, ರೂಡ್, ಪರ್ಚ್‌ಗಳಲ್ಲಿದೆ. 40 ಪರ್ಚ್‌ಗೆ ಒಂದು ರೂಡ್, 4 ರೂಡ್‌ಗೆ ಒಂದು ಎಕರೆ. ‘ಆಸ್ಕ್‌ಅಬೌಟ್‌ಐರ್ಲೆಂಡ್’ ತಾಣದಲ್ಲಿ ನಕ್ಷೆಯೊಂದಿಗೆ ಉಚಿತ.

ಪಟ್ಟಿಯಲ್ಲಿ ಮನೆಯ ಯಜಮಾನನ ಹೆಸರಷ್ಟೇ ಇರುವುದರಿಂದ ಹೆಂಡತಿ ಮಕ್ಕಳಿಂದ ತಾಳೆ ನೋಡಲಾಗದು. ಆದರೆ ಒಂದೇ ಟೌನ್‌ಲ್ಯಾಂಡಿನಲ್ಲಿ ಇಬ್ಬರು ಪ್ಯಾಟ್ರಿಕ್ ವಾಲ್ಷ್ ಇದ್ದರೆ ಆವರಣದಲ್ಲಿ (ಜೇಮ್ಸ್), (ಕೆಂಪ) ಎಂದೆಲ್ಲ ಬರೆದು ಬೇರ್ಪಡಿಸಿದ್ದಾರೆ. ಅಲ್ಲಿರುವ ಪುರುಷನ ಹೆಸರು ಸಾಮಾನ್ಯವಾಗಿ ತಂದೆಯದು. ಸಂಖ್ಯೆಯ ಮುಂದಿನ ದೊಡ್ಡಕ್ಷರ ಜಮೀನಿನ ತುಂಡನ್ನೂ ಸಣ್ಣಕ್ಷರ ಮನೆಯನ್ನೂ ಸೂಚಿಸುತ್ತದೆ. ಮುಂದಿನ ವರ್ಷಗಳ ಬದಲಾವಣೆಗಳನ್ನು ಪರಿಷ್ಕರಣಾ ಪುಸ್ತಕಗಳಲ್ಲಿ ಬೇರೆ ಬೇರೆ ಬಣ್ಣದ ಶಾಯಿಯಲ್ಲಿ ಹೊಡೆದು ಬರೆಯುತ್ತಿದ್ದರು. ಐರ್ಲೆಂಡ್ ಗಣರಾಜ್ಯದವು ಡಬ್ಲಿನ್ನಿನಲ್ಲಿ ಭೂಮೌಲ್ಯಮಾಪನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಟೈಲ್ಟೆ ಏರನ್‌ನಲ್ಲಿವೆ. ಉತ್ತರದ ಆರು ಕೌಂಟಿಗಳವು ಬೆಲ್‌ಫಾಸ್ಟಿನ ‘ಪ್ರೋನಿ’ ದಾಖಲಾಲಯದ ತಾಣದಲ್ಲಿ ಉಚಿತ. ಒಂದು ಹೆಸರು ಅಳಿದು ಇನ್ನೊಂದು ಬಂದ ವರ್ಷ ಆ ಮನೆಯ ಸಾವನ್ನೋ ವಲಸೆಯನ್ನೋ ಹೇಳುತ್ತದೆ. ಹಲವು ಜಮೀನುಗಳಲ್ಲಿ ಇದೇ ದಾರಿಯಲ್ಲಿ ಇಂದಿನ ಮಾಲೀಕರವರೆಗೆ ಬರಬಹುದು, ದೂರದ ಬಂಧುಗಳು ಸಿಗುವುದೂ ಹೀಗೆಯೇ.

ಇನ್ನೂ ಹಿಂದಕ್ಕೆ ಬೇಕಾದವರಿಗೆ 1823ರಿಂದ 1837ರವರೆಗಿನ ಟೈದ್ ಅಪ್ಲಾಟ್‌ಮೆಂಟ್ ಪುಸ್ತಕಗಳಿವೆ. ಇವು ಕೃಷಿಭೂಮಿಯ ಮೇಲೆ ಚರ್ಚ್ ಆಫ್ ಐರ್ಲೆಂಡ್‌ಗೆ ಕೊಡಬೇಕಾದ ತೆರಿಗೆಯ ಪಟ್ಟಿಗಳು. ಪಟ್ಟಣದವರು, ಭೂಮಿ ಇಲ್ಲದ ಕೂಲಿಗಳು ಅವುಗಳಲ್ಲಿ ಇಲ್ಲ.

ಹಂತ 6: ಇವರೇ ಅವರು ಎಂದು ಸಾಬೀತು ಮಾಡುವುದು

1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಕೇಂದ್ರದಲ್ಲಿ ಮೊದಲಿಗಳಾಗಿ ಇಳಿದವಳು ಕಾರ್ಕ್‌ನ ಆನಿ ಮೂರ್. ಆಕೆ ಟೆಕ್ಸಸ್‌ಗೆ ಹೋದಳೆಂದು ದಶಕಗಳ ಕಾಲ ಎಲ್ಲರೂ ನಂಬಿದ್ದರು. ಟೆಕ್ಸಸ್‌ನ ಆನಿ ಮೂರ್ ಹುಟ್ಟಿದ್ದು ಇಲಿನಾಯ್‌ನಲ್ಲಿ, ನಿಜವಾದವಳು ನ್ಯೂಯಾರ್ಕಿನಲ್ಲೇ ಬಾಳಿ ತೀರಿಕೊಂಡಳು ಎಂದು ಗೊತ್ತಾದದ್ದು 2006ರಲ್ಲಿ. ಅಷ್ಟು ಹೆಸರಾದವಳ ವಿಷಯದಲ್ಲೇ ಹೀಗಾದರೆ ಉಳಿದವರ ಪಾಡೇನು. ಹೆಸರು, ವಯಸ್ಸು ಎರಡೇ ಹೊಂದಿದರೆ ಸಾಲದು. ತಂದೆ–ತಾಯಿ ಇಬ್ಬರ ಹೆಸರು, ಕನಿಷ್ಠ ಇಬ್ಬರು ಒಡಹುಟ್ಟಿದವರು, ಒಂದು ಊರು, ಇವಿಷ್ಟೂ ಎರಡು ಬೇರೆ ಬೇರೆ ದಾಖಲೆಗಳಲ್ಲಿ ಹೊಂದಬೇಕು. ನಂತರ ಎದುರು ಪರೀಕ್ಷೆಯನ್ನೂ ಮಾಡಿ: ನೀವು ಆರಿಸಿದ ಮಗು ಐರ್ಲೆಂಡಿನಲ್ಲೇ ಸತ್ತಿಲ್ಲ, ಅಲ್ಲೇ ಮದುವೆಯಾಗಿ ಉಳಿದಿಲ್ಲ ಎಂಬುದನ್ನು ನೋಡಿ.

ಡಿಎನ್‌ಎ ಪರೀಕ್ಷೆ ಇಲ್ಲಿ ನೆರವಿಗೆ ಬರುತ್ತದೆ, ಅದೂ ಕಾಗದದ ಕೆಲಸ ಮುಗಿಸಿದವರಿಗೆ. ಆಟೋಸೋಮಲ್ ಪರೀಕ್ಷೆಯನ್ನು (ತಂದೆ, ತಾಯಿ ಎರಡೂ ಕಡೆಯ ಬಂಧುಗಳನ್ನು ತೋರಿಸುವಂಥದ್ದು) ಮನೆಯ ಅತ್ಯಂತ ಹಿರಿಯರಿಗೆ ಮಾಡಿಸಿ. ಒಂದು ತಲೆಮಾರು ಹಿಂದಿನವರ ಹೊಂದಾಣಿಕೆಗಳು ಹೆಚ್ಚು ಗಟ್ಟಿ. ‘ಇಷ್ಟು ಶೇಕಡ ಐರಿಷ್’ ಎಂಬ ಅಂಕಿಯಿಂದ ಊರು ಸಿಗುವುದಿಲ್ಲ, ಹೊಂದಿದ ಬಂಧುಗಳ ಪಟ್ಟಿಯೇ ಮುಖ್ಯ. ಪಶ್ಚಿಮದ ಕರಾವಳಿ, ದ್ವೀಪಗಳ ಕಡೆಯವರಲ್ಲಿ ತಲೆತಲಾಂತರ ಒಳಗೊಳಗೇ ಮದುವೆಯಾದದ್ದರಿಂದ ಬಂಧುತ್ವ ಇರುವುದಕ್ಕಿಂತ ಹತ್ತಿರದ್ದೆಂದು ತೋರುತ್ತದೆ.

ಪೌರತ್ವಕ್ಕಾಗಿ ಹುಡುಕುವವರಿಗೆ

ಅಜ್ಜ ಅಥವಾ ಅಜ್ಜಿ ಐರ್ಲೆಂಡ್ ದ್ವೀಪದಲ್ಲಿ ಹುಟ್ಟಿದ್ದರೆ ಫಾರಿನ್ ಬರ್ತ್ಸ್ ರಿಜಿಸ್ಟರ್ (ಹೊರದೇಶದಲ್ಲಿ ಹುಟ್ಟಿದ ಐರಿಷ್ ಮೂಲದವರ ನೋಂದಣಿ) ಮೂಲಕ ಐರಿಷ್ ಪೌರತ್ವ ಕೇಳಬಹುದು. ಮುತ್ತಜ್ಜನ ಮಟ್ಟಕ್ಕೆ ಹೋದರೆ, ನೀವು ಹುಟ್ಟುವ ಮೊದಲೇ ನಿಮ್ಮ ತಂದೆಯೋ ತಾಯಿಯೋ ಆ ರಿಜಿಸ್ಟರಿನಲ್ಲಿ ಸೇರಿರಬೇಕು. ಸಂಶೋಧನೆಗೆ ಸಾಕಾಗುವ ಆನ್‌ಲೈನ್ ಚಿತ್ರ ಇಲ್ಲಿ ನಡೆಯದು. ಮೂರು ತಲೆಮಾರಿನ ಮೂಲ ಜನನ ಪತ್ರ, ಮದುವೆ ಪತ್ರಗಳು, ಅದೂ ತಂದೆ–ತಾಯಿಯ ವಿವರವಿರುವ ಉದ್ದನೆಯ ನಮೂನೆಯವು ಬೇಕು. ಒಂದು ಪತ್ರದಲ್ಲಿ ಬ್ರಿಜೆಟ್, ಇನ್ನೊಂದರಲ್ಲಿ ಡೆಲಿಯಾ ಎಂದಿದ್ದರೆ ಎರಡೂ ಒಬ್ಬರೇ ಎಂದು ತೋರಿಸುವ ಕಾಗದವನ್ನು ಅರ್ಜಿ ಹಾಕುವ ಮೊದಲೇ ಹೊಂದಿಸಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇರುವವರು ಇನ್ನೊಂದು ಮಾತು ಯೋಚಿಸಬೇಕು. ನಮ್ಮ ಕಾನೂನು ಎರಡು ಪೌರತ್ವ ಒಪ್ಪುವುದಿಲ್ಲ; ಸ್ವಂತ ಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದರೆ 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ ಭಾರತದ ಪೌರತ್ವ ಕೊನೆಗೊಳ್ಳುತ್ತದೆ. ಆಮೇಲೆ ಇಲ್ಲಿ ಇರಲು ಒಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡಿಗೆ ಅರ್ಜಿ ಹಾಕಬೇಕಾಗುತ್ತದೆ.